ಬಣ್ಣ ಹತ್ತದ ಸೀಲು

ಮೇಸ್ತ್ರಿಯ ಹೆಂಡತಿ ಗೇಟು ತಳ್ಳಿಕೊಂಡು ಒಳಗೆ ಬಂದಾಗ ಅತ್ತಿಗೆಯ ಮೈದುನ ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದ. ಅವನಿಗೆ ಮೊದಲು ಕಂಡದ್ದು ಅವಳ ಕಾಲು. ಒಂದೊಂದು ಕಾಲಿಗೆ ಒಂದೊಂದು ಚಪ್ಪಲಿ, ಜೋಡಿಯಲ್ಲದವು. ತೆವಳಿಕೊಂಡು ಈಚೆಗೆ ಬಂದು, ಕೈಯ ಗ್ರೀಸು ಒರೆಸಿಕೊಳ್ಳುತ್ತ, ಯಾರು ಬೇಕಿತ್ತು ಅಂತ ಕೇಳಲು ಹೊರಟವನು ಆ ಮುಖ ನೋಡಿ ಸುಮ್ಮನಾದ. ಅಂಥ ಮುಖ ಹೊತ್ತು ಬಂದವರು ಆ ಮನೆಯಲ್ಲಿ ಹುಡುಕುತ್ತಿದ್ದುದು ಒಬ್ಬರನ್ನೇ.

ಇಡೀ ಬೀದಿಗೆ ಅವರು ಅತ್ತಿಗೆ. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಮಾತ್ರ ಈ ಮೈದುನನೊಬ್ಬನಿಗೆ. ಅವನ ಅಣ್ಣ ತೀರಿಕೊಂಡ ಮೇಲೆ, ಬಂದರು ಪೊಲೀಸಿನಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತಿಯಾಗಿದ್ದ ಅತ್ತಿಗೆಗೂ, ಬಸ್ಸು ಓಡಿಸಿ ಓಡಿಸಿ ಸೊಂಟ ಹಿಡಿಸಿಕೊಂಡು ಮನೆ ಸೇರಿದ್ದ ಮೈದುನನಿಗೂ ಒಂದೇ ಮನೆ, ಒಂದೇ ಕಾರು, ದಿನಕ್ಕೊಂದು ಜಗಳ. ಜನ ತಮ್ಮ ಕಷ್ಟ ಹೊತ್ತು ತರುತ್ತಿದ್ದರು, ಅತ್ತಿಗೆ ಯೋಚನೆ ಮಾಡುತ್ತಿದ್ದರು, ಇವನು ಕಾರು ಓಡಿಸುತ್ತಿದ್ದ. "ತಲೆ ನಂದು, ಚಕ್ರ ನಿಂದು" ಅಂತ ಅತ್ತಿಗೆ ನಾಲ್ಕು ಜನರ ಮುಂದೆ ಹೇಳಿದಾಗ ಅವನು ಗೊಣಗುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಆ ಹೆಂಗಸು ಕೂರಲಿಲ್ಲ. ಗೋಡೆಗೆ ಒರಗಿ ನಿಂತೇ ಎಲ್ಲವನ್ನೂ ಹೇಳಿದಳು. ಅವಳ ಗಂಡ ಬಂದರಿನ ಪಕ್ಕದ ಸೇನಾ ಉಗ್ರಾಣದಲ್ಲಿ ಮೇಸ್ತ್ರಿ. ಕಡಲಾಚೆ ಬೀಡುಬಿಟ್ಟ ಪಡೆಗೆ ಬೇಕಾದ ಕಂಬಳಿ, ಔಷಧಿ, ಬಿಡಿಭಾಗಗಳನ್ನು ಕಂಟೇನರಿಗೆ ತುಂಬಿಸಿ ಹಡಗಿಗೆ ಕಳಿಸುವುದು ಅವನ ಕೆಲಸ. ಅಲ್ಲಿ ಒಂದು ಸಾಲು ಕಂಟೇನರುಗಳು ಯಾವಾಗಲೂ ತುಂಬಿಕೊಂಡು, ಅಪ್ಪಣೆ ಬಂದ ಗಳಿಗೆಯಲ್ಲೇ ಬಾಗಿಲ ಕೊಂಡಿಗೆ, ಕತ್ತರಿಸದೆ ತೆರೆಯಲಾಗದ ಕಬ್ಬಿಣದ ಸೀಲು ಹಾಕಿ ಎತ್ತಲು ತಯಾರಾಗಿ ನಿಂತಿರಬೇಕು. ಅದಕ್ಕೆ ಸಿದ್ಧ ಸಾಲು ಅಂತಲೇ ಹೆಸರು. ವರ್ಷಕ್ಕೊಮ್ಮೆ ಮೇಲಿನವರು ಹೇಳದೆ ಕೇಳದೆ ಬಂದು, ಸೈರನ್ ಊದಿಸಿ, ಅದು ನಿಜವಾಗಿ ಸಿದ್ಧವಾಗಿದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಮುಗಿಯುವ ತನಕ ಕೆಲಸದವರು ಮನೆಗೆ ಬರುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ಹೀಗಾಗಿ ಸೋಮವಾರ ಹೋದ ಗಂಡ ಮಂಗಳವಾರವೂ ಬಾರದಿದ್ದಾಗ ಅವಳು ಗಾಬರಿಯಾಗಲಿಲ್ಲ.

ಬುಧವಾರ ಬೆಳಿಗ್ಗೆ ಪರೀಕ್ಷೆಗೆ ಬಂದಿದ್ದ ಕರ್ನಲ್ ಎದುರಿಗೇ ಸಿದ್ಧ ಸಾಲಿನ ಒಂದು ಕಂಟೇನರಿನ ಸೀಲು ಕತ್ತರಿಸಿ ಬಾಗಿಲು ತೆಗೆದರು. ಬಾಗಿಲ ತನಕ ಔಷಧಿಯ ರಟ್ಟಿನ ಪೆಟ್ಟಿಗೆಗಳು. ನಾಲ್ಕು ಪೆಟ್ಟಿಗೆ ಇಳಿಸಿದರೆ, ಅವುಗಳ ಹಿಂದೆ ಮೇಸ್ತ್ರಿ ಸತ್ತು ಬಿದ್ದಿದ್ದ. ಅಂಗಿಯೊಳಗೆ ಔಷಧಿಯ ಪೊಟ್ಟಣಗಳಿದ್ದವು.

"ಕದಿಯೋಕೆ ನುಗ್ಗಿ ಒಳಗೇ ಸಿಕ್ಕಿಹಾಕ್ಕೊಂಡ, ಬಿಸಿಲಿಗೆ ಬೆಂದು ಸತ್ತ ಅಂತ ಬರೆದಿದ್ದಾರಂತೆ" ಅಂದಳು. "ನಮ್ಮ ಮಗಳು ಅಲ್ಲೇ, ಕಡಲಾಚೆ, ಸೇನೆ ಆಸ್ಪತ್ರೇಲಿ ನರ್ಸು ಅಮ್ಮಾ. ಶನಿವಾರ ಬರ್ತಾಳೆ. ಅವಳ ರೋಗಿಗಳಿಗೆ ಹೋಗೋ ಔಷಧೀನ ಅವಳಪ್ಪನೇ ಕದ್ದ ಅಂತ ನಾನು ಹೆಂಗೆ ಹೇಳಲಿ? ಸತ್ತವರನ್ನ ತಂದುಕೊಡಿ ಅಂತ ಕೇಳಲ್ಲ. ಆ ಒಂದು ಮಾತು ತೆಗೆಸಿಕೊಡಿ ಸಾಕು."

ಅವಳ ಕೈಯಲ್ಲಿ ಒಂದು ಬಟ್ಟೆ ಚೀಲ ಇತ್ತು. ಗಂಡನ ಊಟದ ಡಬ್ಬಿ, ಒಂದು ಕೈ ಒರೆಸುವ ಟವೆಲ್ಲು, ಒಂದು ಟಾರ್ಚು. ಅವಳ ತಮ್ಮನೂ ಅದೇ ಉಗ್ರಾಣದಲ್ಲಿ ಸೀಲು ಹಾಕುವ ಕೆಲಸದವನು, ಭಾವನೇ ಸೇರಿಸಿದ್ದು. ಈ ಸಾಮಾನನ್ನು ಅವನೇ ಮನೆಗೆ ತಂದುಕೊಟ್ಟನಂತೆ. ಬುಧವಾರದಿಂದ ಅವನು ಅನ್ನ ಮುಟ್ಟಿಲ್ಲ, ಯಾರ ಮುಖವನ್ನೂ ನೋಡುತ್ತಿಲ್ಲ ಅಂತ ಹೇಳಿದಳು. ತಮ್ಮನನ್ನು ತಾಯಿ ಸತ್ತ ಮೇಲೆ ಸಾಕಿದ್ದೇ ಅವಳು.

ಅತ್ತಿಗೆ ಟಾರ್ಚನ್ನು ತೆಗೆದುಕೊಂಡು ಹೊತ್ತಿಸಿ ಆರಿಸಿದರು. "ಇದು ಎಲ್ಲಿರ್ತಿತ್ತು?"

"ಸೊಂಟದ ಬೆಲ್ಟಲ್ಲಿ. ಮಲಗೋವಾಗ ಮಾತ್ರ ಬಿಚ್ಚಿಡ್ತಿದ್ರು. ಸೋಮವಾರ ನಾನೇ ಹೊಸ ಸೆಲ್ಲು ಹಾಕಿ ಸಿಕ್ಕಿಸಿ ಕಳಿಸಿದೆ."

ಅತ್ತಿಗೆ ಟಾರ್ಚನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು, "ನೋಡಮ್ಮಾ, ನಾನು ಹುಡುಕಿದ್ರೆ ಸಿಕ್ಕಿದ್ದನ್ನೆಲ್ಲ ಹೇಳ್ತೀನಿ. ನಿನಗೆ ಬೇಕಾದ್ದು ಮಾತ್ರ ಆರಿಸಿ ಕೊಡೋಕೆ ನನಗೆ ಬರಲ್ಲ. ಯೋಚನೆ ಮಾಡು" ಅಂದರು.

"ಎಲ್ಲಾ ಹೇಳಿ" ಅಂದಳು ಅವಳು.

ಕಾರು ದೊಡ್ಡ ರಸ್ತೆಗೆ ಬಂದ ಮೇಲೆ ಮೈದುನ ಬಾಯಿ ಬಿಟ್ಟ. ಗಂಡನನ್ನು ಕಳೆದುಕೊಂಡು ಕಣ್ಣೀರು ಆರದ ಹೆಂಗಸಿಗೆ ಹಾಗೆ ಕಡ್ಡಿ ಮುರಿದಂತೆ ಹೇಳಬೇಕಿತ್ತಾ ಅಂತ ಕೇಳಿದ. ಅತ್ತಿಗೆ ಕಿಟಕಿಯಾಚೆ ನೋಡುತ್ತಲೇ, ಗೇರು ಸರಿಯಾಗಿ ಹಾಕು ಅಂದರು. ಅವರು ಹೀಗೆ ಗೇರಿನ ಮಾತೆತ್ತಿದರೆ ಮನಸ್ಸಿಗೆ ಕಸಿವಿಸಿಯಾಗಿದೆ ಅಂತಲೇ ಅರ್ಥ. ಇವನು ಮತ್ತೆ ಕೆದಕಲಿಲ್ಲ.

ಉಗ್ರಾಣವೆಂದರೆ ಗೋಡೆ ಕಟ್ಟಿದ ದೊಡ್ಡ ಬಯಲು. ಒಂದು ತುದಿಗೆ ಕಚೇರಿ, ಇನ್ನೊಂದು ತುದಿಗೆ ಹಡಗುಕಟ್ಟೆಗೆ ಹೋಗುವ ಗೇಟು, ನಡುವೆ ಕಬ್ಬಿಣದ ಕಂಟೇನರುಗಳ ಓಣಿಗಳು. ನೆರಳು ಅನ್ನುವುದು ಹೆಸರಿಗೂ ಇಲ್ಲ. ಕಾರಿಳಿದು ಕಚೇರಿ ಮುಟ್ಟುವಷ್ಟರಲ್ಲಿ ಮೈದುನನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕರ್ನಲ್ ಅತ್ತಿಗೆಗೆ ಹಳೆಯ ಪರಿಚಯ. ಹಿಂದೆ ಬಂದರಿನಲ್ಲಿ ಕಳ್ಳಸಾಗಣೆಯ ಒಂದು ಪ್ರಕರಣದಲ್ಲಿ ಇಬ್ಬರೂ ಕೂಡಿ ಕೆಲಸ ಮಾಡಿದ್ದರು. ಮಾತು ಕಡಿಮೆ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ನನ್ನ ಕಣ್ಣೆದುರಿಗೇ ಬಾಗಿಲು ತೆಗೆದದ್ದು ಮೇಡಂ, ಅದಕ್ಕೇ ಸಮಾಧಾನ ಇಲ್ಲ. ಏನು ನೋಡಬೇಕೋ ನೋಡಿ" ಅಂದರು.

ಉಗ್ರಾಣದ ಉಸ್ತುವಾರಿ ಒಬ್ಬ ಮೇಜರ್‌ದು. ಇಸ್ತ್ರಿ ಮಡಿಕೆ ಕೆಡದ ಸಮವಸ್ತ್ರ, ತೂಕದ ಮಾತು. ಅವನ ವಿವರಣೆಯಲ್ಲಿ ಎಲ್ಲೂ ಸಂದಿ ಇರಲಿಲ್ಲ. ಸೋಮವಾರ ಸೈರನ್ ಆದ ಕೂಡಲೇ, ಕರ್ನಲ್ ನೋಡುತ್ತಿದ್ದ ಹಾಗೇ ಸಿದ್ಧ ಸಾಲಿಗೆಲ್ಲ ಸೀಲು ಬಿತ್ತು. ಮಂಗಳವಾರ ಸಿಪಾಯಿಗಳಿಂದ ಆ ಸಾಲಿಗೆ ಬಣ್ಣ ಬಳಿಸಿದರು. ಬುಧವಾರ ಕ್ರೇನಿನಿಂದ ಎತ್ತಿ ತೂಕ ನೋಡುವ ಪರೀಕ್ಷೆ. ಅದಕ್ಕೆ ಮೊದಲು ಒಂದನ್ನು ತೆಗೆದು ತೋರಿಸುವಾಗ ಹೆಣ ಸಿಕ್ಕಿತು. ಸೀಲು ಮುರಿದಿರಲಿಲ್ಲ. ಅಂದಮೇಲೆ ಮೇಸ್ತ್ರಿ ಸೋಮವಾರ ಸೀಲು ಬೀಳುವ ಮೊದಲೇ ಪೆಟ್ಟಿಗೆಗಳ ಹಿಂದೆ ನುಗ್ಗಿರಬೇಕು. ಕದಿಯುವುದರಲ್ಲಿ ಕ್ರೇನಿನವನು ಪಾಲುದಾರ, ಇಬ್ಬರಿಗೂ ಜಗಳವಾಗಿ ಅವನೇ ಬಾಗಿಲು ಜಡಿದಿರಬೇಕು. "ನಿನ್ನನ್ನ ಈ ಪೆಟ್ಟಿಗೇಲೇ ಹಾಕಿ ಮುಚ್ತೀನಿ" ಅಂತ ಕ್ರೇನಿನವನು ಹೋದ ವಾರ ಎಲ್ಲರೆದುರು ಕೂಗಾಡಿದ್ದ. ಅವನನ್ನು ಕಾವಲು ಕೋಣೆಯಲ್ಲಿ ಕೂಡಿಹಾಕಿದ್ದರು.

ಮೈದುನ ತಲೆಯಾಡಿಸಿದ. ಅವನಿಗೂ ಕ್ರೇನಿನವನ ಮೇಲೇ ಗುಮಾನಿ. ಅವನ ಗುಮಾನಿ ಇಲ್ಲಿಯವರೆಗೆ ಒಂದು ಸಲವೂ ನೆಟ್ಟಗೆ ಬಿದ್ದಿರಲಿಲ್ಲ, ಆ ಮಾತು ಬೇರೆ.

"ಸೀಲು ಯಾರ ಹತ್ರ ಇರುತ್ತೆ?" ಅಂತ ಅತ್ತಿಗೆ ಕೇಳಿದರು.

"ನನ್ನ ಕಬ್ಬಿಣದ ಬೀರುವಿನಲ್ಲಿ. ಹಾಕೋವಾಗ ಸೀಲಿನವನ ಕೈಗೆ ಕೊಡ್ತೀನಿ. ಮೂರನೆಯವರಿಗೆ ಸಿಗಲ್ಲ" ಅಂದ ಮೇಜರ್.

"ಬುಧವಾರ ತೆಗೆಯೋಕೆ ಆ ಕಂಟೇನರನ್ನೇ ಯಾರು ಆರಿಸಿದ್ರು?"

ಕರ್ನಲ್ ಒಂದು ಗಳಿಗೆ ಯೋಚಿಸಿದರು. ಯಾವುದಾದರೂ ಒಂದನ್ನು ತೆಗೆಯಿರಿ ಎಂದದ್ದು ತಾವು, ಇದನ್ನು ತೋರಿಸಿದ್ದು ಮೇಜರ್ ಅಂತ ಹೇಳಿದರು.

ಸಿದ್ಧ ಸಾಲಿಗೆ ಹೊಸ ಹಸಿರು ಬಣ್ಣ. ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಅವಸರದ ಕೆಲಸ. ಬಾಗಿಲ ಸರಳು, ಕೀಲು, ಕೊಂಡಿ ಒಂದನ್ನೂ ಬಿಡದೆ ಬಳಿದುಕೊಂಡು ಹೋಗಿದ್ದರು. ಅತ್ತಿಗೆ ಒಂದೊಂದು ಬಾಗಿಲ ಮುಂದೂ ನಿಂತು, ಬೆರಳು ಗಾತ್ರದ ಸೀಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲದರ ಮೇಲೂ ಹಸಿರು ಮೆತ್ತಿತ್ತು. ಕತ್ತರಿಸಿ ತೆಗೆದಿಟ್ಟಿದ್ದ ಸೀಲನ್ನು ಕರ್ನಲ್ ತರಿಸಿಕೊಟ್ಟರು. ಅದು ಅಂಗಡಿಯಿಂದ ಈಗ ತಂದ ಹಾಗೆ ಮಿಂಚುತ್ತಿತ್ತು. ಅತ್ತಿಗೆ ಅದನ್ನೂ ಕೈಚೀಲಕ್ಕೆ ಸೇರಿಸಿದರು.

ಸೇನೆಯ ವೈದ್ಯರು ಸತ್ತವನ ಬಟ್ಟೆ, ಪೊಟ್ಟಣ ಎರಡನ್ನೂ ಮೇಜಿನ ಮೇಲೆ ಹರಡಿದ್ದರು. ಕಬ್ಬಿಣದ ಪೆಟ್ಟಿಗೆಯೊಳಗಿನ ಬಿಸಿಗೇ ಸತ್ತದ್ದು, ಸೋಮವಾರ ಮಧ್ಯಾಹ್ನಕ್ಕೇ ಜೀವ ಹೋಗಿರಬೇಕು, ಬಡಿದು ಬಡಿದು ಕೈಗೆಣ್ಣು ಊದಿಕೊಂಡಿದ್ದವು ಅಂತ ಹೇಳಿದರು. ಅಂಗಿ ಬೆವರಿನಲ್ಲಿ ನೆನೆದು ಒಣಗಿ, ಉಪ್ಪು ಕಟ್ಟಿ, ಹಪ್ಪಳದ ಹಾಗೆ ಸೆಟೆದಿತ್ತು. ಪೊಟ್ಟಣಗಳು ತೆಳು ಕಾಗದದವು, ಸುಕ್ಕಿಲ್ಲ, ಕಲೆಯಿಲ್ಲ.

"ನಿನ್ನ ಜೇಬಲ್ಲಿ ಏನಿದೆ ತೆಗಿ" ಅಂದರು ಅತ್ತಿಗೆ ಮೈದುನನಿಗೆ.

ಅವನು ಅಂಗಿ ಜೇಬಿಗೆ ಕೈ ಹಾಕಿ ಬೆಳಗಿನ ಪೆಟ್ರೋಲ್ ರಸೀದಿ ತೆಗೆದ. ಅದು ಮುದ್ದೆಯಾಗಿ ಬೆರಳಿಗೇ ಅಂಟಿಕೊಂಡು ಬಂತು. ಅತ್ತಿಗೆ ಅದನ್ನು ನೋಡಿದರು, ಪೊಟ್ಟಣಗಳನ್ನು ನೋಡಿದರು. ತನ್ನ ಬೆವರನ್ನು ಹೀಗೆ ವೈದ್ಯರ ಮುಂದೆ ಬಯಲು ಮಾಡಿದ್ದಕ್ಕೆ ಮೈದುನನಿಗೆ ಸ್ವಲ್ಪ ಮುಜುಗರವಾಯಿತು.

ಕಾವಲು ಕೋಣೆಯಲ್ಲಿದ್ದ ಕ್ರೇನಿನವನು ಎತ್ತರದ ಆಳು, ಒರಟು ಬಾಯಿ. ಬೈಯಲು ಶುರುಮಾಡಿ, ಮೇಸ್ತ್ರಿಯ ಮಾತು ಬಂದದ್ದೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಜಗಳ ಆದದ್ದು ಹೌದಂತೆ. ಅವನು ಕಂಟೇನರುಗಳನ್ನು ಒರಟಾಗಿ ಇಳಿಸುತ್ತಾನೆ, ಒಂದೊಂದು ನೆಗ್ಗು ನಾಳೆ ಒಂದೊಂದು ತೂತಾಗುತ್ತೆ ಅಂತ ಮೇಸ್ತ್ರಿಗೆ ಸಿಟ್ಟು. ಕಡಲ ನೀರು ತೂತಿನಿಂದ ಒಳಗಿಳಿದು, ಮಗಳ ಆಸ್ಪತ್ರೆಗೆ ಹೋದ ಬ್ಯಾಂಡೇಜು ಬಟ್ಟೆಯೆಲ್ಲ ಬೂಷ್ಟು ಹಿಡಿದಿತ್ತಂತೆ. ಮಗಳು ಅದನ್ನು ಫೋನಿನಲ್ಲಿ ಹೇಳಿದ ಮೇಲೆ ಮೇಸ್ತ್ರಿ ಪೂರಾ ಬದಲಾದ. ಖಾಲಿ ಕಂಟೇನರ್ ಕಂಡರೆ ಸಾಕು, ಬೆಳಕು ನೋಡದೆ ತುಂಬಿಸಲು ಬಿಡುತ್ತಿರಲಿಲ್ಲ.

"ಬೆಳಕು ನೋಡೋದು ಅಂದ್ರೆ?" ಅಂತ ಮೈದುನ ಕೇಳಿದ.

"ಒಬ್ಬರು ಒಳಗೆ ಹೋಗಿ ನಿಲ್ಲೋದು ಸಾರ್, ಇನ್ನೊಬ್ಬರು ಹೊರಗಿಂದ ಬಾಗಿಲು ಹಾಕೋದು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ, ಎಲ್ಲಿ ತೂತಿದೆಯೋ ಅಲ್ಲಿ ಬಿಸಿಲು ಕಾಣುತ್ತೆ. ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೀತಿದ್ರು. ಆಮೇಲೆ ಬೆಸುಗೆ ಹಾಕಿಸೋದು."

ಹೋದ ವಾರದಲ್ಲಿ ಸಿದ್ಧ ಸಾಲಿನ ಬೆಳಕನ್ನೂ ನೋಡಿದರೇ ಅಂತ ಅತ್ತಿಗೆ ಕೇಳಿದ್ದಕ್ಕೆ ಅವನು ಅಚ್ಚರಿಯಿಂದ ತಲೆಯೆತ್ತಿದ. ಅದು ಹೇಗಾಗುತ್ತೆ, ಆ ಸಾಲು ಪೂರ್ತಿ ತುಂಬಿರುತ್ತಲ್ಲ ಅಂದ. ವರ್ಷದಿಂದ ಆ ಸಾಲನ್ನು ಅವನು ಎತ್ತಿಯೇ ಇರಲಿಲ್ಲ.

ಅತ್ತಿಗೆ ಕೂಡಲೇ ಹೆಣ ಸಿಕ್ಕಿದ ಕಂಟೇನರಿನ ಹತ್ತಿರ ಬಂದು, ಉಳಿದ ಪೆಟ್ಟಿಗೆಗಳನ್ನೆಲ್ಲ ಹೊರಗಿಡಿಸಿದರು. ಪೆಟ್ಟಿಗೆಗಳು ಇದ್ದದ್ದು ಬಾಗಿಲ ಕಡೆಯ ಅರ್ಧಕ್ಕೆ ಮಾತ್ರ. ಅವನ್ನು ತೆಗೆದ ಮೇಲೆ ಗೋಡೆಯಲ್ಲಿ ಸೀಮೆಸುಣ್ಣದ ಬಿಳಿ ಸುತ್ತುಗಳು ಕಂಡವು. ಹಿಂದಿನ ಗೋಡೆಯಲ್ಲಿ ಕೆಲವು, ಎಡಕ್ಕೆ ಬಲಕ್ಕೆ ಕೆಲವು, ಪೆಟ್ಟಿಗೆಗಳು ಒತ್ತಿ ನಿಂತಿದ್ದ ಜಾಗದಲ್ಲಿ, ನೆಲದ ಹತ್ತಿರವೂ ಕೆಲವು. ಎಲ್ಲ ಸುತ್ತುಗಳೂ ಖಾಲಿ. ಒಳಗೆ ತೂತು ಅನ್ನುವುದು ಮೈದುನನ ಕಣ್ಣಿಗೆ ಕಾಣಲಿಲ್ಲ.

"ಒಳಗೆ ನಿಂತುಕೋ. ಬಾಗಿಲು ಹಾಕ್ತೀನಿ" ಅಂದರು ಅತ್ತಿಗೆ.

ಅವನು ಬೇಡ ಅನ್ನಲು ಬಾಯಿ ತೆರೆದು, ಅವರ ಮುಖ ನೋಡಿ ಒಳಗೆ ಹೋದ. ಬಾಗಿಲು ಬಿತ್ತು. ಕತ್ತಲೆ ಅಂದರೆ ಗವ್ವೆನ್ನುವ ಕತ್ತಲೆ, ತನ್ನ ಕೈ ತನಗೆ ಕಾಣದು. ಒಂದೆರಡು ಸಲ ಉಸಿರಾಡುವುದರೊಳಗೆ ಕಬ್ಬಿಣದ ಕಾವು ನಾಲ್ಕೂ ಕಡೆಯಿಂದ ಮೈಗೆ ತಾಗಿತು. ಹೊರಗೆ ಅತ್ತಿಗೆ ಇದ್ದಾರೆ, ಈಗ ತೆಗೆಯುತ್ತಾರೆ ಅಂತ ಗೊತ್ತಿದ್ದೂ ಅವನು ಕೈಚಾಚಿ ಬಾಗಿಲಿಗಾಗಿ ತಡಕಾಡಿದ. ಮೇಸ್ತ್ರಿಗೂ ಹೀಗೇ ಗೊತ್ತಿತ್ತೇನೋ ಅಂತ ಅನ್ನಿಸಿ ಅವನ ಕಣ್ಣು ತುಂಬಿತು.

ಹೊರಗಿನಿಂದ ಏನೋ ಕೆರೆಯುವ ಸದ್ದಾಯಿತು. ಬಲಗಡೆಯ ಗೋಡೆಯಲ್ಲಿ ಚಕ್ಕನೆ ಒಂದು ಬೆಳಕಿನ ಚುಕ್ಕಿ ಮೂಡಿ, ದಾರದಂಥ ಬಿಸಿಲು ಅವನ ಅಂಗಿಯ ಮೇಲೆ ಬಿತ್ತು. ಅದು ಒಂದು ಬಿಳಿ ಸುತ್ತಿನ ನಟ್ಟನಡುವೆ ಇತ್ತು. ಬಾಗಿಲು ತೆಗೆದಾಗ ಅತ್ತಿಗೆ ತಮ್ಮ ಮುಡಿಯ ಪಿನ್ನಿಗೆ ಹತ್ತಿದ ಹಸಿರು ಬಣ್ಣ ಒರೆಸಿಕೊಳ್ಳುತ್ತಿದ್ದರು. ಅಳತೆ ಹಿಡಿದು, ಹೊರಗಿನಿಂದ ಅದೇ ಜಾಗವನ್ನು ಕೆರೆದಿದ್ದರು.

"ಎಲ್ಲರನ್ನೂ ಇಲ್ಲಿಗೇ ಕರೆಸಿ" ಅಂದರು ಕರ್ನಲ್‌ಗೆ. ಮೈದುನನ ಕಡೆ ತಿರುಗಿ, ಮೆಲ್ಲಗೆ, "ಹೋಗಿ ಆ ಹೆಂಗಸನ್ನ ಕರೆದುಕೊಂಡು ಬಾ. ದಾರೀಲಿ ಏನೂ ಮಾತಾಡಬೇಡ" ಅಂದರು.

ಅವನು ಕರೆತರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಂಟೇನರಿನ ಮುಂದೆ ಕರ್ನಲ್, ಮೇಜರ್, ಇಬ್ಬರು ಸಿಪಾಯಿಗಳ ನಡುವೆ ಕ್ರೇನಿನವನು, ಸ್ವಲ್ಪ ದೂರದಲ್ಲಿ ಸೀಲಿನವನು. ಇನ್ನೂ ಮೀಸೆ ದಟ್ಟವಾಗದ ವಯಸ್ಸು, ಕೆನ್ನೆ ಒಳಕ್ಕೆ ಹೋಗಿತ್ತು. ಅಕ್ಕ ಹೋಗಿ ಅವನ ಪಕ್ಕದಲ್ಲೇ ನಿಂತು ತೋಳು ಹಿಡಿದುಕೊಂಡಳು. ಮೈದುನನಿಗೆ ಆ ನೋಟ ನೋಡಲಾಗಲಿಲ್ಲ.

ಅತ್ತಿಗೆ ದನಿ ಏರಿಸದೆ ಶುರುಮಾಡಿದರು. ಮೊದಲು ಸೀಲು. ಸೋಮವಾರ ಹಾಕಿದ ಸೀಲುಗಳ ಮೇಲೆಲ್ಲ ಮಂಗಳವಾರದ ಬಣ್ಣ ಮೆತ್ತಿದೆ. ಈ ಒಂದು ಕಂಟೇನರಿನ ಸೀಲಿಗೆ ಮಾತ್ರ ಹನಿ ಬಣ್ಣವೂ ಹತ್ತಿಲ್ಲ. ಅಂದರೆ ಸೋಮವಾರದ ಸೀಲನ್ನು ಯಾರೋ ಮಂಗಳವಾರ ಬಣ್ಣ ಬಳಿದಾದ ಮೇಲೆ ಕತ್ತರಿಸಿ, ಹೊಸದು ಹಾಕಿದ್ದಾರೆ.

ಆಮೇಲೆ ಗೋಡೆಯ ಸುತ್ತುಗಳು. ತುಂಬಿದ ಕಂಟೇನರಿನಲ್ಲಿ ಪೆಟ್ಟಿಗೆಗಳ ಹಿಂದೆ ಕೈ ತೂರಿಸಿ ನೆಲದ ಹತ್ತಿರ ಗೆರೆ ಎಳೆಯಲು ಯಾರಿಂದಲೂ ಆಗದು. ಮೇಸ್ತ್ರಿ ಒಳಗಿದ್ದಾಗ ಇದು ಖಾಲಿಯಾಗಿತ್ತು. ತೂತುಗಳನ್ನು ಈಗ ಬಣ್ಣ ಮುಚ್ಚಿದೆ, ಅವನಿಗೆ ಅವು ಕಂಡಿದ್ದವು. ಹಾಗಾದರೆ ಅವನು ಬಣ್ಣಕ್ಕೆ ಮೊದಲೇ ಒಳಗೆ ನಿಂತಿದ್ದ. ಪೆಟ್ಟಿಗೆಗಳು ಬಂದದ್ದು ಅವನು ಸತ್ತ ಮೇಲೆ. ಅಂಗಿಯೊಳಗಿನ ಪೊಟ್ಟಣಗಳೂ ಆಗಲೇ ಬಂದವು. ಆ ಬೆವರಿನಲ್ಲಿ ಕಾಗದ ಅಷ್ಟು ಗರಿಗರಿಯಾಗಿ ಉಳಿಯುವುದಿಲ್ಲ.

"ಕಳ್ಳತನಕ್ಕೆ ಹೋದೋನಲ್ಲ ಇವನು. ಕದಿಯೋಕೆ ಒಳಗೆ ಏನೂ ಇರಲೇ ಇಲ್ಲ. ಬೆಳಕು ನೋಡೋಕೆ ಹೋಗಿದ್ದ" ಅಂದರು.

"ಸಿದ್ಧ ಸಾಲಿನಲ್ಲಿ ಖಾಲಿ ಕಂಟೇನರ್ ಇರೋಕೆ ಸಾಧ್ಯವೇ ಇಲ್ಲ" ಅಂದ ಮೇಜರ್.

"ಪಕ್ಕದ್ದನ್ನ ತೆಗೆಸಿ."

ಅಪ್ಪಣೆಯಿಲ್ಲದೆ ಆ ಸೀಲು ಮುರಿಯುವ ಹಾಗಿಲ್ಲ ಅಂತ ಮೇಜರ್ ತಡೆಯಲು ನೋಡಿದ. ಕರ್ನಲ್ ಅವನ ಮಾತು ಮುಗಿಯಲು ಬಿಡಲಿಲ್ಲ, ಸಿಪಾಯಿಯ ಕೈಯಿಂದ ಕತ್ತರಿ ತೆಗೆದುಕೊಂಡು ತಾವೇ ಕತ್ತರಿಸಿದರು. ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗೆ ಬರೀ ಮರದ ನೆಲ. ಅದರಾಚೆಯದೂ ಹಾಗೇ. ಮೂರನೆಯದನ್ನು ತೆಗೆಯಲು ಹೋದ ಕರ್ನಲ್ ಅರ್ಧಕ್ಕೇ ಕೈ ಬಿಟ್ಟರು.

"ಇಡೀ ಸಾಲೇ ಖಾಲಿ" ಅಂದರು ಅತ್ತಿಗೆ. "ಬುಧವಾರ ಕ್ರೇನು ಎತ್ತಿದ್ರೆ ತೂಕದಲ್ಲೇ ಗುಟ್ಟು ರಟ್ಟಾಗ್ತಿತ್ತು. ಅದಕ್ಕೇ ಮೇಜರ್ ಹೆಣ ಇದ್ದ ಕಂಟೇನರನ್ನೇ ತೋರಿಸಿದ್ರು. ಹೆಣ ಸಿಕ್ಕಿದ ಮೇಲೆ ಪರೀಕ್ಷೆ ಯಾರು ಮುಂದುವರಿಸ್ತಾರೆ? ಇನ್ನೊಂದು ಬಾಗಿಲನ್ನ ಯಾರು ತೆಗೀತಾರೆ?"

ಮೇಜರ್‌ನ ಮುಖ ಬಿಳಿಚಿಕೊಂಡಿತ್ತು. ಹೋದ ವರ್ಷದ ಪರೀಕ್ಷೆ ಆದ ಮೇಲೆ ತುರ್ತು ಅಂತ ಸಾಲಿನ ಸಾಮಾನನ್ನೆಲ್ಲ ಬೇರೆ ಕಂಟೇನರುಗಳಿಗೆ ತುಂಬಿ ಹಡಗಿಗೆ ಹಾಕಿದ್ದರು, ಬದಲಿ ಸಾಮಾನು ಬರಲೇ ಇಲ್ಲ, ಕೇಳಿ ಕೇಳಿ ಸಾಕಾಗಿ ಎಲ್ಲ ತುಂಬಿದೆ ಅಂತ ತಾನೇ ವರದಿ ಕಳಿಸಿಬಿಟ್ಟೆ ಅಂತ ಒಂದೊಂದೇ ಮಾತು ಹೊರಬಂತು. ಸಾಮಾನು ಬಂದರೆ ತುಂಬಿಸೋಣ, ಅಷ್ಟರಲ್ಲಿ ತೂತನ್ನಾದರೂ ಮುಚ್ಚಿಸೋಣ ಅಂತ ಮೇಸ್ತ್ರಿ ಸೋಮವಾರ ಬೆಳಿಗ್ಗೆ ಬೆಳಕು ನೋಡಲು ಹೋದ. ಆಗ ಸೈರನ್ ಊದಿತು.

"ಬಾಗಿಲು ಹಾಕಿದ್ದು ನಾನಲ್ಲ" ಅಂದ.

"ಗೊತ್ತು" ಅಂದರು ಅತ್ತಿಗೆ. ಕೈಚೀಲದಿಂದ ಟಾರ್ಚು ತೆಗೆದರು. "ಬೆಳಕು ನೋಡೋಕೆ ಹೋಗೋರು ಟಾರ್ಚು ಒಯ್ಯಲ್ಲ. ಕತ್ತಲೆ ಬೇಕಲ್ಲ. ಸೊಂಟದಿಂದ ಬಿಚ್ಚಿ, ಬಾಗಿಲು ಹಾಕೋರ ಕೈಗೆ ಕೊಟ್ಟು ಒಳಗೆ ಹೋಗ್ತಾರೆ. ಮೇಸ್ತ್ರಿ ಹೆಣದ ಹತ್ರ ಇದು ಸಿಗಲಿಲ್ಲ. ಮನೆಗೆ ಬಂತು."

ಅಕ್ಕ ಟಾರ್ಚನ್ನು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಮ್ಮನ ತೋಳು ಹಿಡಿದಿದ್ದ ಅವಳ ಕೈ ಮಾತ್ರ ತಾನಾಗಿ ಸಡಿಲವಾಯಿತು.

ತಮ್ಮ ಅಲ್ಲೇ ನೆಲದ ಮೇಲೆ ಕೂತ. ಅವನು ಹೇಳಿದ್ದು ತುಂಡು ತುಂಡಾಗಿ. ಭಾವ ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನಿಂತಿದ್ದ. ಸೈರನ್ ಆಯಿತು, ಮೇಜರ್ ಕರ್ನಲ್‌ರನ್ನು ಕರೆದುಕೊಂಡು ಆ ಓಣಿಗೇ ಬಂದ, ಸೀಲುಗಳನ್ನು ಕೈಗಿತ್ತ. ಇದರೊಳಗೆ ಭಾವ ಇದ್ದಾರೆ ಅಂತ ಇವನು ಪಿಸುಗುಟ್ಟಿದ. ಈಗ ತೆಗೆದರೆ ಖಾಲಿ ಅಂತ ಕಾಣುತ್ತೆ, ಹಾಕು, ಇವರು ಆಚೆ ಹೋದ ತಕ್ಷಣ ತೆಗೆದರಾಯಿತು ಅಂತ ಮೇಜರ್ ಪಿಸುಗುಟ್ಟಿದ. ಇವನು ಹಾಕಿದ. ಸಾಲು ಮುಗಿದದ್ದೇ, ಕೆಲಸದವರನ್ನೆಲ್ಲ ಲಾರಿ ಹತ್ತಿಸಿ ಹಡಗುಕಟ್ಟೆಗೆ ಸಾಗಿಸಿದರು. ಮೇಜರ್ ತೆಗೆಸುತ್ತಾನೆ ಅಂತ ಇವನು ತಿಳಿದ. ಲಾರಿ ಹತ್ತುವ ಮೊದಲೇ ಇವನು ತೆಗೆದಿರುತ್ತಾನೆ ಅಂತ ಮೇಜರ್ ತಿಳಿದ. ಮಂಗಳವಾರ ಸಂಜೆ ಇವನು ವಾಪಸು ಬಂದು, ಭಾವ ಎಲ್ಲಿ ಅಂತ ಕೇಳಿದಾಗಲೇ ಇಬ್ಬರೂ ಓಡಿದ್ದು. ಅಷ್ಟರಲ್ಲಿ ಬಾಗಿಲ ಬಣ್ಣವೂ ಒಣಗಿತ್ತು.

ಉಗ್ರಾಣದಲ್ಲಿ ಉಳಿದಿದ್ದ ಔಷಧಿ ಪೆಟ್ಟಿಗೆ ತಂದು ಜೋಡಿಸಿದ್ದು ಇವನು. ಪೊಟ್ಟಣ ತುರುಕಿದ್ದು ಮೇಜರ್. ನಿಜ ಹೇಳಿದರೆ ಕೊಲೆ ನಿನ್ನ ತಲೆಗೇ ಬರುತ್ತೆ, ಸೀಲು ಹಾಕಿದ ಕೈ ನಿನ್ನದು ಅಂತ ಮೇಜರ್ ಹೆದರಿಸಿದ. ಇವನು ಹೆದರಿದ.

ಕ್ರೇನಿನವನನ್ನು ಹಿಡಿದಿದ್ದ ಸಿಪಾಯಿಗಳು ಯಾರೂ ಹೇಳದೆಯೇ ಅವನನ್ನು ಬಿಟ್ಟರು. ಕರ್ನಲ್ ಟೋಪಿ ತೆಗೆದು ಮೇಸ್ತ್ರಿಯ ಹೆಂಡತಿಯ ಮುಂದೆ ಬಂದು ನಿಂತರು. "ನಿಮ್ಮ ಯಜಮಾನರು ಕಳ್ಳರಲ್ಲಮ್ಮಾ. ಇವತ್ತೇ ಬರೆದು ಕಳಿಸ್ತೀನಿ. ಸೋಮವಾರ ನಾನೂ ಈ ಬಾಗಿಲ ಮುಂದೆಯೇ ನಿಂತಿದ್ದೆ" ಅಂದರು.

ಅವಳು ಕೇಳಿಕೊಂಡು ಬಂದಿದ್ದ ಮಾತು ಅದೇ. ಅದು ಸಿಕ್ಕಿತ್ತು. ಅವಳ ಮುಖದಲ್ಲಿ ಒಂದಿಷ್ಟಾದರೂ ನೆಮ್ಮದಿ ಕಾಣುತ್ತದೆಯೇ ಅಂತ ಮೈದುನ ನೋಡಿದ, ಕಾಣಲಿಲ್ಲ. ಅವಳು ತಮ್ಮನ ಕಡೆ ತಿರುಗಿದಳು.

"ನೀನು ಸೀಲು ಹಾಕೋವಾಗ ಅವರಿಗೆ ಗೊತ್ತಾಯ್ತಾ?"

ಅವನು ತಲೆ ಎತ್ತಲಿಲ್ಲ. "ತಟ್ಟಿದ್ರು ಅಕ್ಕ, ಸೈರನ್ ಸದ್ದಲ್ಲಿ ನನಗೊಬ್ಬನಿಗೇ ಕೇಳಿಸ್ತು. ಸ್ವಲ್ಪ ತಾಳಿ ಭಾವ, ಈಗ ಬಂದೆ ಅಂತ ಬಾಗಿಲಿಗೆ ಬಾಯಿಟ್ಟು ಹೇಳಿದೆ."

"ಅದಕ್ಕೆ?"

"ಆಗಲಿ ಕಣೋ, ನಿನ್ನ ಕೆಲಸ ಮುಗಿಸ್ಕೊಂಡು ಬಾ ಅಂದ್ರು."

ಹೊಡೆಯುತ್ತಾಳೆ ಅಂತ ಮೈದುನ ಅಂದುಕೊಂಡ. ಕರ್ನಲ್ ಕೂಡ ಒಂದು ಹೆಜ್ಜೆ ಮುಂದೆ ಬಂದರು. ಅವಳು ಹೊಡೆಯಲಿಲ್ಲ, ಅಳಲೂ ಇಲ್ಲ.

"ಶನಿವಾರ ಮಗು ಬರ್ತಾಳೆ" ಅಂದಳು. "ಅವಳಪ್ಪ ಕಳ್ಳ ಅಲ್ಲ ಅಂತ ನಾನು ಹೇಳ್ತೀನಿ. ಇದನ್ನ ನೀನೇ ಹೇಳಬೇಕು. ಸೋದರಮಾವ ಅಲ್ವಾ ನೀನು, ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

ಆಮೇಲೆ ಅವಳೂ ಅವನ ಪಕ್ಕದಲ್ಲೇ, ಆ ಬಿಸಿ ನೆಲದ ಮೇಲೆ ಕೂತಳು. ಅವನನ್ನು ಕರೆದೊಯ್ಯಲು ಬಂದ ಸಿಪಾಯಿಗಳು, ಅವಳು ಏಳುವ ತನಕ ದೂರದಲ್ಲೇ ನಿಂತರು.